ಹಾರಲು ಹೊರಟವನ ಬೆರಳಚ್ಚು

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಇವತ್ತಿನ ವಿಷಯದ ಹೆಸರು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ವಿಮಾನ ನಡೆಸುವುದನ್ನು ಕಲಿಯಲು ಅಮೆರಿಕಕ್ಕೆ ಹೋಗುವ ಪರದೇಶದವರ ಮೇಲೆ ಅಲ್ಲಿಯ ಸರ್ಕಾರ ಹಾಕಿರುವ ಭದ್ರತಾ ನಿಯಮಗಳಿಂದ ನಮಗೇನಾಗಬೇಕು? ಬಾಕಿ ಸಂಬಳ, ನೂಲಿನ ದರ, ಅಂಗಡಿಯ ಬಾಡಿಗೆ, ಇವೆಲ್ಲವನ್ನೂ ಬಿಟ್ಟು ಆಕಾಶದ ಮಾತೇಕೆ ಎಂದು ಕೇಳಿದರೆ ತಪ್ಪಲ್ಲ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ಕಾರಣಗಳು ಎರಡು. ಒಂದು ಕಾಲಕ್ಕೆ ಪೈಲಟ್ ಆಗುವುದೆಂದರೆ ಸಾಹುಕಾರರ ಮನೆಯ ಮಗನ ಮಾತಾಗಿತ್ತು. ಈಗ ಹಾಗಿಲ್ಲ. ಗುಮಾಸ್ತನ ಮಗಳೂ ಜವಳಿ ಅಂಗಡಿಯವನ ಮಗನೂ ಪೈಲಟ್ ಆಗಬೇಕೆಂದು ಹೊರಡುತ್ತಿದ್ದಾರೆ. ಮನೆ ಅಡವಿಟ್ಟು, ಬ್ಯಾಂಕಿನಲ್ಲಿ ಹತ್ತಾರು ಲಕ್ಷ ಸಾಲ ಎತ್ತಿ ಅವರನ್ನು ಫ್ಲಾರಿಡಾಕ್ಕೋ ಟೆಕ್ಸಾಸಿಗೋ ಅರಿಜೋನಕ್ಕೋ ಕಳಿಸುವ ತಂದೆತಾಯಿಗಳು ನಮ್ಮ ನಡುವೆಯೇ ಇದ್ದಾರೆ. ಇದು ಮೊದಲನೆಯ ಕಾರಣ.

ಎರಡನೆಯದು ಇದಕ್ಕಿಂತ ದೊಡ್ಡದು. ಹೊರಗಿನಿಂದ ಬಂದ ಹೊಸಬನನ್ನು ಎಷ್ಟು ನಂಬಬೇಕು, ಎಷ್ಟು ವಿಚಾರಿಸಬೇಕು, ಆ ವಿಚಾರಣೆಯ ಖರ್ಚನ್ನು ಯಾರು ಕೊಡಬೇಕು ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಗಿರಣಿಯ ಗೇಟಿನಲ್ಲಿ ಪಾಳಿ ಮುಗಿಸಿ ಹೊರಬರುವವನ ಮೈ ತಡವಿ ನೋಡುತ್ತಾರೆ. ಉಗ್ರಾಣದ ಹಿಂಬಾಗಿಲಿನಿಂದ ಮೂಟೆ ಮೂಟೆ ನೂಲು ಲಾರಿ ಹತ್ತಿ ಹೋದರೆ ನೋಡುವವರಿಲ್ಲ. ಸಣ್ಣ ಅಂಗಡಿಯವನ ತಕ್ಕಡಿಗೆ ಮುದ್ರೆ ಇದೆಯೋ ಇಲ್ಲವೋ ಎಂದು ಅಧಿಕಾರಿ ಬಂದು ನೋಡುತ್ತಾನೆ, ದೊಡ್ಡ ಗೋದಾಮಿನ ಲೆಕ್ಕ ಅವನ ಕಣ್ಣಿಗೆ ಬೀಳುವುದಿಲ್ಲ. ಕಾವಲು ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಕಾವಲು ಎಲ್ಲಿ ನಿಂತಿದೆ ಎಂಬುದನ್ನು ಕೇಳುವ ಹಕ್ಕು ನಮಗಿದೆ. ಈ ದೃಷ್ಟಿಯಿಂದ ಅಮೆರಿಕದ ನಿಯಮವನ್ನು ನೋಡೋಣ.

ಮೊದಲು ಹಿನ್ನೆಲೆ. ಅಮೆರಿಕದಲ್ಲಿ ವಿಮಾನ ನಡೆಸುವುದನ್ನು ಕಲಿಸುವುದು ಒಂದು ವ್ಯಾಪಾರ. ನಮ್ಮೂರಲ್ಲಿ ಮೋಟಾರು ಓಡಿಸಲು ಕಲಿಸುವ ಶಾಲೆಗಳಿರುವ ಹಾಗೆ ಅಲ್ಲಿ ಸಣ್ಣ ಸಣ್ಣ ಊರುಗಳಲ್ಲೂ ವಿಮಾನ ಶಾಲೆಗಳಿವೆ. ಇಳಿಯುವ ಹತ್ತುವ ಮೈದಾನಗಳು ಸಾವಿರಾರು. ಫ್ಲಾರಿಡಾ, ಅರಿಜೋನದಂಥ ಪ್ರಾಂತಗಳಲ್ಲಿ ವರ್ಷದ ಬಹುಭಾಗ ಬಿಸಿಲು. ಆದಕಾರಣ ಲೋಕದ ನಾನಾ ಭಾಗಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಹೋಗುವುದು ಬಹಳ ಕಾಲದಿಂದ ನಡೆದು ಬಂದಿದೆ. 2001ರವರೆಗೆ ವೀಸಾ ಇದ್ದು ಕೈಯಲ್ಲಿ ಹಣವಿದ್ದರೆ ಹೆಚ್ಚು ಪ್ರಶ್ನೆಗಳಿರಲಿಲ್ಲ.

2001ನೇ ಇಸವಿ ಸೆಪ್ಟೆಂಬರ್ 11ರಂದು ಹತ್ತೊಂಬತ್ತು ಮಂದಿ ನಾಲ್ಕು ಪ್ರಯಾಣಿಕ ವಿಮಾನಗಳನ್ನು ಅಪಹರಿಸಿದರು. ಎರಡನ್ನು ನ್ಯೂಯಾರ್ಕಿನ ಜೋಡಿ ಗೋಪುರಗಳಿಗೆ, ಒಂದನ್ನು ಅಮೆರಿಕದ ಸೇನಾ ಕೇಂದ್ರವಾದ ಪೆಂಟಗಾನಿಗೆ ನುಗ್ಗಿಸಿದರು. ನಾಲ್ಕನೆಯದು ಪೆನ್ಸಿಲ್ವೇನಿಯಾದ ಹೊಲದಲ್ಲಿ ಬಿತ್ತು. ಅಪಹರಣಕಾರರನ್ನು ಬಿಟ್ಟು ಸತ್ತವರು 2,977 ಮಂದಿ. ಸತ್ತವರೆಲ್ಲ ಹಣವಂತರೆಂದು ಯಾರೂ ತಿಳಿಯಬಾರದು. ಗೋಪುರದ ತುದಿಯಲ್ಲಿದ್ದ ಹೋಟೆಲಿನಲ್ಲಿ ಅಡಿಗೆ ಮಾಡುತ್ತಿದ್ದವರು, ತಟ್ಟೆ ತೊಳೆಯುತ್ತಿದ್ದವರು, ಪರದೇಶಗಳಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು, ನೆಲ ಒರೆಸುವವರು, ಉರಿಯುವ ಕಟ್ಟಡಕ್ಕೆ ಮೆಟ್ಟಿಲು ಹತ್ತಿ ಹೋದ 343 ಮಂದಿ ಅಗ್ನಿಶಾಮಕರು ಅವರಲ್ಲಿದ್ದರು. ಇಂಥ ಪಾತಕವನ್ನು ತಡೆಯಲು ಸರ್ಕಾರವೊಂದು ನಿಯಮ ಮಾಡಿದರೆ ಅದನ್ನು ಬರಿಯ ದರ್ಪವೆಂದು ತಳ್ಳಿಹಾಕುವುದು ಸರಿಯಲ್ಲ. ದುಡಿಯುವವನ ಪ್ರಾಣ ಎಲ್ಲ ದೇಶದಲ್ಲೂ ಒಂದೇ ಬೆಲೆಯದು.

ಆ ನಾಲ್ಕು ವಿಮಾನಗಳ ಚುಕ್ಕಾಣಿ ಹಿಡಿದವರು ಎಲ್ಲಿ ಕಲಿತರು? ಅಮೆರಿಕದಲ್ಲೇ. ಮೂವರು ಫ್ಲಾರಿಡಾದ ವೆನಿಸ್ ಎಂಬ ಸಣ್ಣ ಊರಿನ ಎರಡು ಶಾಲೆಗಳಲ್ಲಿ ಕಲಿತರು. ಅವರ ಪೈಕಿ ಮುಖ್ಯಸ್ಥನಾದ ಮೊಹಮ್ಮದ್ ಅತ್ತ ಮತ್ತು ಅವನ ಜೊತೆಗಾರ ಮರ್ವಾನ್ ಅಲ್ ಶೆಹ್ಹಿ 2000ನೇ ಇಸವಿಯ ಜುಲೈಯಲ್ಲಿ ಸೇರಿ ಡಿಸೆಂಬರ್ ಹೊತ್ತಿಗೆ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆದರು. ನಾಲ್ಕನೆಯವನು ಅರಿಜೋನದಲ್ಲಿ ಕಲಿತು 1999ರಲ್ಲೇ ಲೈಸೆನ್ಸ್ ಪಡೆದಿದ್ದನು. ಯಾರೂ ಬೇಲಿ ಹಾರಿ ಬಂದವರಲ್ಲ. ಎಲ್ಲರೂ ವೀಸಾ ತೋರಿಸಿ ಮುಂಬಾಗಿಲಿನಿಂದ ಬಂದವರು.

ಹಾಗಾದರೆ ಸರ್ಕಾರಕ್ಕೆ ಸುಳಿವೇ ಇರಲಿಲ್ಲವೇ? ಇತ್ತು. ಇಲ್ಲಿ ನೀವು ಗಮನ ಕೊಡಬೇಕು. ಕೇಂದ್ರ ತನಿಖಾ ಇಲಾಖೆಯಾದ ಎಫ್.ಬಿ.ಐ.ನ ಅಧಿಕಾರಿಯೊಬ್ಬನು 2001ರ ಜುಲೈ 10ರಂದು ಅರಿಜೋನದ ಫೀನಿಕ್ಸ್ ನಗರದಿಂದ ತನ್ನ ಮುಖ್ಯ ಕಚೇರಿಗೆ ಒಂದು ಟಿಪ್ಪಣಿ ಕಳಿಸಿದನು. ಬಿನ್ ಲಾದೆನ್ ಕಡೆಯವರು ವಿಮಾನ ವಿದ್ಯೆ ಕಲಿಯಲು ಜನರನ್ನು ಕಳಿಸುತ್ತಿರಬಹುದು, ದೇಶದ ವಿಮಾನ ಶಾಲೆಗಳ ಪಟ್ಟಿ ಮಾಡಿ ಅವುಗಳೊಡನೆ ಸಂಪರ್ಕ ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ಟಿಪ್ಪಣಿ ಕಡತ ಸೇರಿತು. ಸೆಪ್ಟೆಂಬರ್ 11ಕ್ಕೆ ಮೊದಲು ಅದರ ಮೇಲೆ ಕ್ರಮ ನಡೆಯಲಿಲ್ಲ.

ಆಗಸ್ಟಿನಲ್ಲಿ ಇನ್ನೊಂದು ಪ್ರಸಂಗ. ಫ್ರಾನ್ಸಿನ ಪ್ರಜೆಯಾದ ಜಕಾರಿಯಾಸ್ ಮುಸಾವಿ ಎಂಬವನು ಮಿನೆಸೋಟದ ಒಂದು ಶಾಲೆಗೆ ಬಂದು ದೊಡ್ಡ ಜೆಟ್ ವಿಮಾನ ನಡೆಸುವುದನ್ನು ಕಲಿಸಿ ಎಂದನು. ಸಣ್ಣ ವಿಮಾನವನ್ನೂ ಒಂಟಿಯಾಗಿ ಹಾರಿಸಿ ಗೊತ್ತಿಲ್ಲದವನು. ಶುಲ್ಕದ ಬಹುಭಾಗವನ್ನು ನಗದಾಗಿ ಎಣಿಸಿ ಕೊಟ್ಟನು. ಅವನ ಮೇಲೆ ಅನುಮಾನಪಟ್ಟವರು ಯಾರು? ಯಾವ ದೊಡ್ಡ ಇಲಾಖೆಯೂ ಅಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನೌಕರರು. ಅವರೇ ಎಫ್.ಬಿ.ಐ.ಗೆ ತಿಳಿಸಿದರು. ಆಗಸ್ಟ್ 16ರಂದು ಉಳಿಯಲು ಕೊಟ್ಟ ಅವಧಿ ಮೀರಿ ಉಳಿದ ಆರೋಪದ ಮೇಲೆ ಅವನನ್ನು ಹಿಡಿದರು. ಆದರೆ ಅವನ ಕಂಪ್ಯೂಟರನ್ನು ಶೋಧಿಸಲು ಸ್ಥಳೀಯ ಅಧಿಕಾರಿಗಳು ಕೇಳಿದ ಅನುಮತಿಗೆ ಮುಖ್ಯ ಕಚೇರಿ ಒಪ್ಪಲಿಲ್ಲ. ಮುಂದೆ 2005ರಲ್ಲಿ ಅವನು ತಪ್ಪೊಪ್ಪಿಕೊಂಡನು. 2006ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಮೂರನೆಯ ಪ್ರಸಂಗವನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಅತ್ತ ಮತ್ತು ಅಲ್ ಶೆಹ್ಹಿ ತಮ್ಮ ಪ್ರವಾಸಿ ವೀಸಾವನ್ನು ವಿದ್ಯಾರ್ಥಿ ವೀಸಾ ಆಗಿ ಬದಲಿಸಲು ಅರ್ಜಿ ಹಾಕಿದ್ದರು. ಆ ಅರ್ಜಿ ಮಂಜೂರಾಗಿದೆ ಎಂಬ ಕಾಗದ ಫ್ಲಾರಿಡಾದ ಶಾಲೆಗೆ ಬಂದು ತಲುಪಿದ್ದು ಯಾವಾಗ ಗೊತ್ತೇ? 2002ರ ಮಾರ್ಚ್ 11ರಂದು! ಅವರಿಬ್ಬರೂ ಗೋಪುರಗಳಿಗೆ ವಿಮಾನ ನುಗ್ಗಿಸಿ ಸರಿಯಾಗಿ ಆರು ತಿಂಗಳಾದ ಮೇಲೆ! ಹೆಸರುಗಳು ಇಡೀ ಜಗತ್ತಿಗೆ ತಿಳಿದಿದ್ದವು, ಒಂದು ಇಲಾಖೆಯ ಟಪಾಲು ಮೇಜಿಗೆ ಮಾತ್ರ ತಿಳಿದಿರಲಿಲ್ಲ.

ಈ ಮೂರು ಪ್ರಸಂಗಗಳಿಂದ ಹೊರಡುವ ತೀರ್ಮಾನ ಒಂದೇ. ಕಾಗದ ಕಡಿಮೆಯಾದುದರಿಂದ ಅನಾಹುತ ಆಗಲಿಲ್ಲ. ಕಾಗದ ಇತ್ತು, ಅದನ್ನು ಓದಿದವರಿರಲಿಲ್ಲ. ಒಂದು ಕಚೇರಿಗೆ ಗೊತ್ತಿದ್ದುದು ಇನ್ನೊಂದಕ್ಕೆ ತಿಳಿಯಲಿಲ್ಲ. ಕೆಳಗಿನವನು ಹೇಳಿದ್ದನ್ನು ಮೇಲಿನವನು ಕೇಳಲಿಲ್ಲ. ಗಿರಣಿಯಲ್ಲಿ ಯಂತ್ರದ ಸದ್ದು ಕೆಟ್ಟಿದೆ ಎಂದು ಕೈಕೆಲಸದವನು ಹೇಳಿದಾಗ ಮೇಸ್ತ್ರಿ ಕಿವಿಗೆ ಹಾಕಿಕೊಳ್ಳದಿದ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಅನಾಹುತದ ನಂತರ ಬಂದ ಕಾನೂನನ್ನು ಈಗ ನೋಡೋಣ. 2001ರ ನವೆಂಬರ್ 19ರಂದು ಅಮೆರಿಕ ಹೊಸ ವಿಮಾನಯಾನ ಭದ್ರತಾ ಕಾಯಿದೆ ಮಾಡಿತು. ಸಾರಿಗೆ ಭದ್ರತೆಗೆಂದೇ ಟಿ.ಎಸ್.ಎ. ಎಂಬ ಹೊಸ ಇಲಾಖೆ ಹುಟ್ಟಿದ್ದು ಆಗಲೇ. 12,500 ಪೌಂಡು, ಎಂದರೆ ಸುಮಾರು 5,670 ಕಿಲೋ, ಅಥವಾ ಅದಕ್ಕೂ ಹೆಚ್ಚು ತೂಕದ ವಿಮಾನವನ್ನು ನಡೆಸಲು ಪರದೇಶದವನಿಗೆ ಕಲಿಸಬೇಕಾದರೆ ಮೊದಲು ನ್ಯಾಯಾಂಗ ಇಲಾಖೆಗೆ ತಿಳಿಸಿ 45 ದಿನ ಕಾಯಬೇಕೆಂದು ಅದರಲ್ಲಿ ವಿಧಿಸಿದರು. ರೈಟ್ ಸೋದರರು ಮೊದಲು ಹಾರಿ ನೂರು ವರ್ಷ ತುಂಬಿದ 2003ರ ಡಿಸೆಂಬರಿನಲ್ಲಿ ಇನ್ನೊಂದು ಕಾಯಿದೆ ಬಂತು. ಈ ಕೆಲಸ ನ್ಯಾಯಾಂಗ ಇಲಾಖೆಯಿಂದ ಟಿ.ಎಸ್.ಎ. ಕೈಗೆ ಹೋಯಿತು. 45 ದಿನದ ಅವಧಿ 30ಕ್ಕೆ ಇಳಿಯಿತು. 2004ರ ಸೆಪ್ಟೆಂಬರ್ 20ರಂದು ಟಿ.ಎಸ್.ಎ. ತನ್ನ ನಿಯಮಾವಳಿ ಹೊರಡಿಸಿತು. ಆಗ ಸಣ್ಣ ವಿಮಾನಗಳೂ ಬಲೆಯೊಳಗೆ ಬಂದವು. ಎಳೆಯ ವಿದ್ಯಾರ್ಥಿ ಮೊದಲು ಕೈಯಿಡುವ ಸೆಸ್ನಾ ವಿಮಾನದ ತೂಕ, ತುಂಬಿದಾಗ, ಸಾವಿರದ ನೂರು ಕಿಲೋ ಆಸುಪಾಸು. ಗೋಪುರಕ್ಕೆ ನುಗ್ಗಿದ ವಿಮಾನಗಳು ನೂರು ಟನ್ನಿಗೂ ಮೀರಿದವು. ಎರಡಕ್ಕೂ ಬೆರಳಚ್ಚು ಒಂದೇ!

ವಿಧಾನ ಹೀಗೆ. ಅಮೆರಿಕದ ಪ್ರಜೆಯಾದವನು ಪಾಸ್‌ಪೋರ್ಟನ್ನೋ ಜನ್ಮಪತ್ರವನ್ನೋ ತೋರಿಸಿದರೆ ಮುಗಿಯಿತು. ಪ್ರಜೆಯಲ್ಲದವನು, ಅಲ್ಲಿಯೇ ಕಾಯಂ ನೆಲಸಲು ಪರವಾನಗಿ ಪಡೆದವನಾಗಿದ್ದರೂ ಸರಿ, ಟಿ.ಎಸ್.ಎ.ಯಲ್ಲಿ ಹೆಸರು ನೋಂದಾಯಿಸಬೇಕು. ಪಾಸ್‌ಪೋರ್ಟ್, ವೀಸಾ, ಹಿಂದಿನ ಐದು ವರ್ಷ ವಾಸವಾಗಿದ್ದ ವಿಳಾಸಗಳು, ಯಾವ ಶಾಲೆ, ಯಾವ ತರಬೇತಿ, ಇಷ್ಟನ್ನೂ ಬರೆಯಬೇಕು. ಹತ್ತು ಬೆರಳಿನ ಗುರುತು ಕೊಡಬೇಕು. ಶುಲ್ಕ ಕಟ್ಟಬೇಕು. ಅಪರಾಧದ ದಾಖಲೆಗಳನ್ನೂ ಭಯೋತ್ಪಾದಕರ ಪಟ್ಟಿಗಳನ್ನೂ ನೋಡಿ ಟಿ.ಎಸ್.ಎ. ಒಪ್ಪಿಗೆ ಕೊಟ್ಟ ಮೇಲೆಯೇ ಪಾಠ. ಶಾಲೆಯವರು ಬಂದವನ ಮುಖದ ಚಿತ್ರ ತೆಗೆದು ಕಳಿಸಬೇಕು, ಕಡತಗಳನ್ನು ಐದು ವರ್ಷ ಇಡಬೇಕು. ಸಂಶಯದ ನಡತೆಯನ್ನು ಗುರುತಿಸುವುದು ಹೇಗೆಂದು ತಮ್ಮ ನೌಕರರಿಗೆ ತಿಳುವಳಿಕೆ ಕೊಡಿಸಬೇಕು. ಈ ಕೊನೆಯ ಅಂಶ ಮಿನೆಸೋಟದ ಪಾಠಗಾರರಿಂದ ಕಲಿತದ್ದೆಂದು ಹೇಳಬಹುದು. ನಿಯಮಾವಳಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗವೂ ಅದೇ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ವರ್ತಕ ಮಿತ್ರರು ಇದನ್ನು ಬೇಗ ಹಿಡಿಯುತ್ತಾರೆ. 2004ರ ನಿಯಮದಲ್ಲಿ ತಪಾಸಣೆ ಮನುಷ್ಯನಿಗಲ್ಲ, ಪಾಠಕ್ಕೆ. ಮೊದಲ ಲೈಸೆನ್ಸಿಗೆ ಒಂದು ಅರ್ಜಿ, 130 ಡಾಲರ್. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವ ಅರ್ಹತೆಗೆ ಇನ್ನೊಂದು ಅರ್ಜಿ, ಮತ್ತೆ 130. ಎರಡು ಇಂಜಿನಿನ ವಿಮಾನಕ್ಕೆ ಮೂರನೆಯದು, ಮತ್ತೆ 130. ಒಟ್ಟು 390 ಡಾಲರ್. ಅದೇ ಮನುಷ್ಯ, ಅದೇ ಹತ್ತು ಬೆರಳು, ಅದೇ ಶಾಲೆ, ಕೆಲವು ತಿಂಗಳ ಅಂತರ. ಒಂದೇ ತಕ್ಕಡಿಗೆ ಅಕ್ಕಿ ತೂಗಲು ಒಂದು ಮುದ್ರೆ, ಬೇಳೆ ತೂಗಲು ಇನ್ನೊಂದು ಮುದ್ರೆ, ಬೆಲ್ಲಕ್ಕೆ ಮೂರನೆಯದು ಎಂದು ಯಾರಾದರೂ ಹೇಳಿದರೆ ನೀವು ಸುಮ್ಮನಿರುತ್ತೀರಾ?

ವಿಮಾನ ಕಲಿಯುವ ಇಡೀ ಖರ್ಚಿನ ಮುಂದೆ 390 ಡಾಲರ್ ದೊಡ್ಡ ಮೊತ್ತವಲ್ಲ ಎಂಬುದು ನಿಜ. ನಮ್ಮ ದೇಶದ ವಾಣಿಜ್ಯ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು, ಅಮೆರಿಕದ್ದಕ್ಕೆ ಸಾಮಾನ್ಯವಾಗಿ 250. ಪ್ರತಿ ಗಂಟೆಗೂ ಬಾಡಿಗೆ, ಪೆಟ್ರೋಲು, ಪಾಠಗಾರನ ಕೂಲಿ. ಅದರ ಮೇಲೆ ವೀಸಾ ಶುಲ್ಕ ಬೇರೆ, ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆಗೆ ಕೊಡುವ ಶುಲ್ಕ ಬೇರೆ. ಆ ಶುಲ್ಕವೇ 2019ರಲ್ಲಿ 350 ಡಾಲರಿಗೆ ಏರಿತು. ಆದರೆ ಸಾಲ ಮಾಡಿ ಹೋದವನಿಗೆ ಹಣಕ್ಕಿಂತ ದಿನ ದುಬಾರಿ. ಒಪ್ಪಿಗೆಗೆ ಕಾಯುತ್ತ ಕೂತ ದಿನಕ್ಕೂ ಕೋಣೆಯ ಬಾಡಿಗೆ ನಿಲ್ಲುವುದಿಲ್ಲ, ಊಟ ನಿಲ್ಲುವುದಿಲ್ಲ, ಬ್ಯಾಂಕಿನ ಬಡ್ಡಿಯೂ ನಿಲ್ಲುವುದಿಲ್ಲ. ಸಾಹುಕಾರನ ಮಗನಿಗೆ ಅದು ರಜೆ, ಗುಮಾಸ್ತನ ಮಗಳಿಗೆ ಅದು ಸಾಲ. ನಿಯಮ ಇಬ್ಬರಿಗೂ ಒಂದೇ ಆದರೂ ಭಾರ ಒಂದೇ ಅಲ್ಲ.

ಇಷ್ಟು ಕೊಟ್ಟು, ಇಷ್ಟು ಕಾದು, ಕಾವಲಾದರೂ ಬಿಗಿಯಾಯಿತೇ? ಈ ಪ್ರಶ್ನೆಯನ್ನು ಅಮೆರಿಕದ ಸಂಸತ್ತಿನ ಲೆಕ್ಕ ತನಿಖಾ ಸಂಸ್ಥೆಯೇ ಕೇಳಿತು. 2012ರ ಜುಲೈಯಲ್ಲಿ ಅದು ಕೊಟ್ಟ ವರದಿಯಲ್ಲಿ ಬಾಸ್ಟನ್ ಸಮೀಪದ ಒಂದು ಶಾಲೆಯ ಕಥೆ ಇದೆ. ಆ ಶಾಲೆಯ ಮಾಲೀಕನನ್ನು ರಸ್ತೆ ನಿಯಮ ಮುರಿದುದಕ್ಕೆ ಪೊಲೀಸರು ತಡೆದಾಗ ಅವನು ದೇಶದಲ್ಲಿ ಇರುವುದಕ್ಕೇ ಪರವಾನಗಿ ಇಲ್ಲದವನೆಂದು ಗೊತ್ತಾಯಿತು. ಆಮೇಲೆ ಶಾಲೆಯನ್ನು ತನಿಖೆ ಮಾಡಿದರು. ಟಿ.ಎಸ್.ಎ. ಒಪ್ಪಿಗೆ ಪಡೆದಿದ್ದ 25 ವಿದ್ಯಾರ್ಥಿಗಳ ಪೈಕಿ 8 ಮಂದಿ ಗಡಿಯಲ್ಲಿ ತಪಾಸಣೆಯಿಲ್ಲದೆ ನುಸುಳಿ ಬಂದವರು, 17 ಮಂದಿ ವೀಸಾ ಮುಗಿದರೂ ಉಳಿದವರು. ಬೆರಳಚ್ಚು ನೋಡಿದ ಇಲಾಖೆ ಇವರು ದೇಶದೊಳಗೆ ಬಂದದ್ದು ಹೇಗೆಂದು ನೋಡಿರಲಿಲ್ಲ. ಇನ್ನೊಂದು ಸಂಗತಿಯೂ ಬಯಲಾಯಿತು. 2006ರಿಂದ 2011ರವರೆಗೆ ಪೈಲಟ್ ಲೈಸೆನ್ಸಿಗೆ ಅರ್ಜಿ ಹಾಕಿದ 25 ಸಾವಿರಕ್ಕೂ ಹೆಚ್ಚು ಪರದೇಶದವರ ಹೆಸರುಗಳನ್ನು ಭದ್ರತಾ ದಾಖಲೆಯೊಡನೆ ಹೋಲಿಸಿದಾಗ ಕೆಲವರ ಹೆಸರು ಅದರಲ್ಲಿ ಇರಲೇ ಇಲ್ಲ. ಲೈಸೆನ್ಸ್ ಕೊಡುವ ಇಲಾಖೆ ಒಂದು, ತಪಾಸಣೆ ಮಾಡುವ ಇಲಾಖೆ ಇನ್ನೊಂದು. 2001ರಲ್ಲಿ ಇದ್ದ ಹಳೆಯ ರೋಗವೇ ಮತ್ತೆ ಹೊಸ ಅಂಗಿ ತೊಟ್ಟು ಬಂದಿತ್ತು.

2019ರ ಡಿಸೆಂಬರ್ 6ರಂದು ಇನ್ನೂ ಘೋರವಾದ ಘಟನೆ ನಡೆಯಿತು. ಫ್ಲಾರಿಡಾದ ಪೆನ್ಸಕೋಲ ನೌಕಾ ವಿಮಾನ ನೆಲೆಯಲ್ಲಿ ತರಬೇತಿ ಪಡೆಯುತ್ತಿದ್ದ ಸೌದಿ ವಾಯುಪಡೆಯ ಅಧಿಕಾರಿಯೊಬ್ಬನು ಗುಂಡು ಹಾರಿಸಿ ಮೂವರು ಅಮೆರಿಕನ್ ನಾವಿಕರನ್ನು ಕೊಂದನು. ಅವನಿಗೆ ಅಲ್ ಖೈದಾದ ಯೆಮೆನ್ ಶಾಖೆಯೊಡನೆ ಸಂಪರ್ಕವಿತ್ತೆಂದು ಮುಂದೆ ಅಮೆರಿಕ ಸರ್ಕಾರವೇ ಹೇಳಿತು. ಅವನು ಟಿ.ಎಸ್.ಎ.ಯ ಸಾಲಿನಲ್ಲಿ ನಿಂತವನಲ್ಲ. ಮಿತ್ರರಾಷ್ಟ್ರದ ಸೈನಿಕನಾಗಿ, ಸರ್ಕಾರ ಸರ್ಕಾರಗಳ ಒಪ್ಪಂದದ ಮೇಲೆ ಬಂದವನು. ರಕ್ಷಣಾ ಇಲಾಖೆ ಒಪ್ಪಿ ಕರೆತಂದವರಿಗೆ ನಾಗರಿಕರ ನಿಯಮದಿಂದ ವಿನಾಯಿತಿ ಇತ್ತು. 2020ರ ಜನವರಿಯಲ್ಲಿ 21 ಮಂದಿ ಸೌದಿ ತರಬೇತಿದಾರರನ್ನು ವಾಪಸು ಕಳಿಸಿ, ಸೇನಾ ವಿದ್ಯಾರ್ಥಿಗಳ ತಪಾಸಣೆಯನ್ನೂ ಬಿಗಿಗೊಳಿಸಿದರು. ಶಸ್ತ್ರಾಸ್ತ್ರ ಕೊಳ್ಳುವ ದೊಡ್ಡ ಗಿರಾಕಿಯ ಕಡೆಯಿಂದ ಬಂದವನಿಗೆ ಒಂದು ಬಾಗಿಲು, ಸಾಲದ ಹಣದಲ್ಲಿ ಬಂದವನಿಗೆ ಇನ್ನೊಂದು. ಅಪಾಯ ಎರಡು ಬಾಗಿಲನ್ನೂ ಬಲ್ಲದು.

ಇನ್ನು ಇಡೀ ದೇಶಕ್ಕೇ ಮುದ್ರೆ ಒತ್ತುವ ಕಾವಲಿನ ಮಾತು. 2002ರ ಸೆಪ್ಟೆಂಬರಿನಿಂದ ಅಮೆರಿಕ ವಿಶೇಷ ನೋಂದಣಿ ಎಂಬ ಒಂದು ಏರ್ಪಾಟು ನಡೆಸಿತು. ಅದು ಪೈಲಟುಗಳಿಗೆ ಮಾತ್ರ ಸೇರಿದ್ದಲ್ಲ. 25 ದೇಶಗಳ ಗಂಡಸರು, ಹದಿನಾರು ವರ್ಷ ತುಂಬಿದವರು, ಕಚೇರಿಗೆ ಬಂದು ಬೆರಳಚ್ಚು ಕೊಟ್ಟು ವಿಚಾರಣೆಗೆ ಒಳಪಡಬೇಕಾಗಿತ್ತು. ಉತ್ತರ ಕೊರಿಯ ಒಂದನ್ನು ಬಿಟ್ಟರೆ ಉಳಿದವೆಲ್ಲ ಮುಸ್ಲಿಮರು ಹೆಚ್ಚಾಗಿರುವ ದೇಶಗಳು. ಭಾರತ ಅದರಲ್ಲಿ ಇರಲಿಲ್ಲ, ನಮ್ಮ ನೆರೆಯ ಪಾಕಿಸ್ತಾನವೂ ಬಾಂಗ್ಲಾದೇಶವೂ ಇದ್ದವು. 80 ಸಾವಿರಕ್ಕೂ ಹೆಚ್ಚು ಮಂದಿ ತಾವಾಗಿಯೇ ಹೋಗಿ ಹೆಸರು ಬರೆಸಿದರು. 13 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಗಡೀಪಾರಿನ ನಡವಳಿ ಹೂಡಿದರು. ಮೋಸ ಮಾಡುವ ಉದ್ದೇಶವುಳ್ಳವನು ತಾನಾಗಿ ಕಚೇರಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಾನೆಯೇ? ನಿಂತವರು ಟ್ಯಾಕ್ಸಿ ಓಡಿಸುವವರು, ಅಂಗಡಿಯವರು, ವಿದ್ಯಾರ್ಥಿಗಳು. 2011ರಲ್ಲಿ ಏರ್ಪಾಟನ್ನು ನಿಲ್ಲಿಸಿ 2016ರ ಡಿಸೆಂಬರಿನಲ್ಲಿ ನಿಯಮವನ್ನೇ ತೆಗೆದುಹಾಕಿದರು. ಅದು ಹಳತಾಯಿತೆಂದು ಸರ್ಕಾರವೇ ಒಪ್ಪಿಕೊಂಡಿತು.

ಅನುಮಾನ ತಪ್ಪಿದರೆ ಒಬ್ಬ ಮನುಷ್ಯನ ಬಾಳು ಏನಾಗುತ್ತದೆ ಎಂಬುದಕ್ಕೆ ಅಲ್ಜೀರಿಯಾದ ಪೈಲಟ್ ಲೋತ್ಫಿ ರೈಸಿಯ ಕಥೆಯನ್ನು ಹೇಳಬೇಕು. ಅವನು ಅರಿಜೋನದಲ್ಲಿ ವಿಮಾನ ಕಲಿತವನು, ಇಂಗ್ಲೆಂಡಿನಲ್ಲಿ ವಾಸವಾಗಿದ್ದನು. ಅಪಹರಣಕಾರರಿಗೆ ಪಾಠ ಹೇಳಿದವನು ಇವನೇ ಎಂದು ಅಮೆರಿಕ ಹೇಳಿದ್ದರಿಂದ 2001ರ ಸೆಪ್ಟೆಂಬರ್ 21ರಂದು ಅವನನ್ನು ಹಿಡಿದರು. ಬಿಗಿ ಭದ್ರತೆಯ ಜೈಲಿನಲ್ಲಿ ಸುಮಾರು ಐದು ತಿಂಗಳು ಇಟ್ಟರು. ಭಯೋತ್ಪಾದನೆಗೆ ಅವನನ್ನು ಜೋಡಿಸುವ ಯಾವ ಸಾಕ್ಷ್ಯವೂ ಇಲ್ಲವೆಂದು 2002ರ ಏಪ್ರಿಲಿನಲ್ಲಿ ನ್ಯಾಯಾಧೀಶರು ಹೇಳಿದರು. ಅವನು ನಿರ್ದೋಷಿ, ಪರಿಹಾರಕ್ಕೆ ಅರ್ಹ ಎಂದು ಬ್ರಿಟಿಷ್ ಸರ್ಕಾರ ಒಪ್ಪಿದ್ದು 2010ರಲ್ಲಿ. ಹಿಡಿಯುವುದಕ್ಕೆ ಹತ್ತು ದಿನ, ತಪ್ಪಾಯಿತು ಎನ್ನುವುದಕ್ಕೆ ಎಂಟು ವರ್ಷಕ್ಕೂ ಮೇಲೆ! ಅಷ್ಟು ಹೊತ್ತಿಗೆ ಪೈಲಟ್ ಆಗಿ ದುಡಿಯುವ ಅವನ ವಯಸ್ಸು ಕಳೆಯುತ್ತ ಬಂದಿತ್ತು.

ಹಾಗೆಂದು ಎಲ್ಲವೂ ಕೆಟ್ಟೇ ಹೋಯಿತೆನ್ನಲಾರೆ. ವಿಮಾನ ಶಾಲೆಗಳೂ ಪೈಲಟುಗಳ ಸಂಘಗಳೂ ಬಹಳ ವರ್ಷ ಕೇಳಿಕೊಂಡು ಬಂದ ಮೇಲೆ 2024ರ ಮೇ 1ರಂದು ಟಿ.ಎಸ್.ಎ. ತನ್ನ ನಿಯಮಾವಳಿಗೆ ಕೊನೆಯ ರೂಪ ಕೊಟ್ಟಿತು. ತಾತ್ಕಾಲಿಕವೆಂದು 2004ರಲ್ಲಿ ಹೊರಡಿಸಿದ ನಿಯಮ ಕಾಯಂ ಆಗಲು ಇಪ್ಪತ್ತು ವರ್ಷ ಹಿಡಿಯಿತು. ಅದು ಜುಲೈ 30ರಿಂದ ಜಾರಿಗೆ ಬಂತು. ಮುಖ್ಯ ಬದಲಾವಣೆ ಏನೆಂದರೆ, ತಪಾಸಣೆ ಈಗ ಪಾಠಕ್ಕಲ್ಲ, ಮನುಷ್ಯನಿಗೆ. ಒಮ್ಮೆ 140 ಡಾಲರ್ ಕಟ್ಟಿ ಒಪ್ಪಿಗೆ ಪಡೆದರೆ ಅದು ಐದು ವರ್ಷದವರೆಗೆ ನಡೆಯುತ್ತದೆ. ಆ ಅವಧಿಯಲ್ಲಿ ತೆಗೆದುಕೊಳ್ಳುವ ಬೇರೆ ಬೇರೆ ತರಬೇತಿಗಳ ವಿವರ ತಿಳಿಸುತ್ತಿರಬೇಕು, ಆದರೆ ಪ್ರತಿ ಸಲ ಶುಲ್ಕವಿಲ್ಲ. ಹಿಂದೆ 390 ಬೀಳುತ್ತಿದ್ದ ಕಡೆ ಈಗ 140. ಶಾಲೆಯಲ್ಲಿ ಭದ್ರತೆಗೆ ಹೊಣೆಗಾರನೆಂದು ಒಬ್ಬನನ್ನು ಹೆಸರಿಸಬೇಕು. ನೌಕರರ ತಿಳುವಳಿಕೆ ಪಾಠವನ್ನು ವರ್ಷಕ್ಕೊಮ್ಮೆ ಬದಲು ಎರಡು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು. ಭದ್ರತೆ ಸಡಿಲವಾಗಲಿಲ್ಲ, ಕಿರುಕುಳ ಕಡಿಮೆಯಾಯಿತು. ಎರಡೂ ಒಟ್ಟಿಗೆ ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ. ಕಾವಲು ಬೇಕೋ ಮರ್ಯಾದೆ ಬೇಕೋ ಎಂದು ನಮ್ಮನ್ನು ಕೇಳುವವರಿಗೆ ಈ ಉದಾಹರಣೆಯನ್ನು ತೋರಿಸಬೇಕು.

ಆದುದರಿಂದ ಇಂಥ ನಿಯಮ ಯಾವ ದೇಶದಲ್ಲೇ ಇರಲಿ, ಅಮೆರಿಕದಲ್ಲಿ ಇರಲಿ, ನಮ್ಮಲ್ಲೇ ಇರಲಿ, ಅದನ್ನು ಅಳೆಯಲು ನಾಲ್ಕು ಅಳತೆಗಳನ್ನು ಇಟ್ಟುಕೊಳ್ಳಿ ಎಂದು ಕೇಳುತ್ತೇನೆ.

ಒಂದು, ಮನುಷ್ಯನನ್ನು ವಿಚಾರಿಸಲಿ, ಅವನ ದೇಶವನ್ನೋ ಮತವನ್ನೋ ಅಲ್ಲ. ಎರಡು, ಒಮ್ಮೆ ಚೆನ್ನಾಗಿ ವಿಚಾರಿಸಲಿ, ಹೆಜ್ಜೆ ಹೆಜ್ಜೆಗೂ ಸುಂಕ ವಸೂಲಿ ಮಾಡದಿರಲಿ. ಮೂರು, ಬಡವನ ಬಾಗಿಲಿಗೆ ಇಟ್ಟ ಕಾವಲನ್ನು ಸಮವಸ್ತ್ರದವನ ಬಾಗಿಲಿಗೂ ಇಡಲಿ, ತಮ್ಮ ಕಚೇರಿಯ ಕಡತಗಳಿಗೂ ಇಡಲಿ. ನಾಲ್ಕು, ಬೇಡವೆಂದರೆ ಕಾರಣ ಹೇಳಲಿ, ತಪ್ಪಾಗಿದ್ದರೆ ತಿದ್ದಿಸಿಕೊಳ್ಳಲು ದಾರಿ ಇರಲಿ, ಆ ದಾರಿ ಎಂಟು ವರ್ಷ ಉದ್ದವಿರದಿರಲಿ. ಈ ನಾಲ್ಕಕ್ಕೆ ಒಪ್ಪುವ ಕಾವಲನ್ನು ನಾವು ಮನಸಾರೆ ಒಪ್ಪೋಣ. ನಮ್ಮ ವಿಮಾನ ನಿಲ್ದಾಣಗಳಲ್ಲೂ ಕೆಲಸಕ್ಕೆ ಸೇರುವವನ ಪೂರ್ವಾಪರ ವಿಚಾರಿಸದೆ ಒಳಗೆ ಹೋಗುವ ಪಾಸು ಕೊಡುವುದಿಲ್ಲ. ಅದು ಸರಿಯೇ. ಈ ಅಳತೆಗಳು ಅಲ್ಲಿಗೂ ಸಲ್ಲುತ್ತವೆ.

ಮಕ್ಕಳನ್ನು ಕಳಿಸುವವರಿಗೆ ಕೆಲವು ಬಳಕೆಯ ಮಾತು. ಎಲ್ಲವನ್ನೂ ನಾವೇ ಮಾಡಿಸುತ್ತೇವೆ, ನೀವು ರುಜು ಹಾಕಿ ಸಾಕು ಎನ್ನುವ ದಲ್ಲಾಳಿಯ ಕೈಗೆ ಅರ್ಜಿಯನ್ನು ಕೊಡಬೇಡಿ. ಅರ್ಜಿ ಹಾಕುವುದು ವಿದ್ಯಾರ್ಥಿಯ ಹೆಸರಿನಲ್ಲಿ, ಅದರಲ್ಲಿ ಸುಳ್ಳಿದ್ದರೆ ಸಿಕ್ಕಿಬೀಳುವವನೂ ವಿದ್ಯಾರ್ಥಿಯೇ. ಐದು ವರ್ಷದ ವಿಳಾಸಗಳನ್ನು ತಾರೀಖಿನೊಡನೆ ಮೊದಲೇ ಬರೆದಿಟ್ಟುಕೊಳ್ಳಲಿ. ಹಾಸ್ಟೆಲಿನಲ್ಲಿ ಆರು ತಿಂಗಳಿದ್ದುದನ್ನೂ ಬಿಡಬಾರದು. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಎಲ್ಲ ಕಾಗದಗಳಲ್ಲೂ ಇರಲಿ. ನಮ್ಮ ಕಡೆ ಊರ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಹಿಂದುಮುಂದಾಗುವುದು ಸಾಮಾನ್ಯ. ಒಂದು ಅಕ್ಷರದ ವ್ಯತ್ಯಾಸಕ್ಕೆ ವಾರಗಟ್ಟಲೆ ಕಾಯಬೇಕಾದೀತು. ಒಪ್ಪಿಗೆ ಬರುವ ಮುಂಚೆ ಶಾಲೆಗೆ ಪೂರ್ತಿ ಹಣ ಕಟ್ಟಬೇಡಿ. ಅಲ್ಲಿಯ ಲೈಸೆನ್ಸ್ ತಂದೊಡನೆ ಇಲ್ಲಿ ಕೆಲಸ ಸಿಕ್ಕುವುದಿಲ್ಲ ಎಂಬುದೂ ನೆನಪಿರಲಿ. ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯದ ಪರೀಕ್ಷೆಗಳನ್ನೂ ವೈದ್ಯಕೀಯ ತಪಾಸಣೆಯನ್ನೂ ಮುಗಿಸಿ ಭಾರತದ ಲೈಸೆನ್ಸ್ ಪಡೆಯಬೇಕು.

ಕೊನೆಯದಾಗಿ ನಮ್ಮ ಸರ್ಕಾರಕ್ಕೆ ಒಂದು ಮಾತು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಇದೆ. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಹುಟ್ಟಿದ ಶಾಲೆ ಅದು. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ಕೇಂದ್ರ ಸರ್ಕಾರದ ದೊಡ್ಡ ಅಕಾಡೆಮಿ ಇದೆ. ಇಂಥ ಕಡೆ ವಿಮಾನಗಳೂ ಪಾಠಗಾರರೂ ಸ್ಥಾನಗಳೂ ಬೇಕಾದಷ್ಟು ಇದ್ದರೆ, ಶುಲ್ಕ ಸಾಮಾನ್ಯನ ಕೈಗೆ ಎಟುಕುವಂತಿದ್ದರೆ, ನಮ್ಮ ಮಕ್ಕಳು ಸಾಲದ ಗಂಟು ಹೊತ್ತು ಪರರ ಬಾಗಿಲಲ್ಲಿ ಬೆರಳು ನೀಡಿ ನಿಲ್ಲಬೇಕಾದುದೇನಿತ್ತು? ಹೋಗುವ ಆಸೆಯುಳ್ಳವರು ಹೋಗಲಿ, ಕಲಿತು ಬರಲಿ. ಗತಿಯಿಲ್ಲದೆ ಹೋಗುವಂತಾಗಬಾರದು. ಆಕಾಶ ಯಾರ ಪಿತ್ರಾರ್ಜಿತವೂ ಅಲ್ಲ. ಅದನ್ನು ಹತ್ತುವ ಏಣಿಯನ್ನು ನಮ್ಮ ನೆಲದ ಮೇಲೂ ನಿಲ್ಲಿಸಿ ಎಂದು ಕೇಳೋಣ.